ಟೂಲ್‌ನಲ್ಲಿ ಫಾಸ್ಟು, ಸ್ಕ್ರೀನ್‌ನಲ್ಲಿ ಸ್ಲೋ, ಯಾಕೆ?

ಪ್ರಶ್ನೆ: ಸರ್, ನಮ್ಮದು ಜಾವಾ, ಹೈಬರ್ನೇಟ್ (ಜಾವಾ ಕೋಡಿನ ಪರವಾಗಿ ಡೇಟಾಬೇಸ್‌ಗೆ ಕ್ವೆರಿ ಕಳಿಸೋ ಲೈಬ್ರರಿ), ಒರಾಕಲ್ ಡೇಟಾಬೇಸ್ ಮೇಲೆ ಓಡೋ ಬಿಲ್ಲಿಂಗ್ ಅಪ್ಲಿಕೇಶನ್. ಬಿಲ್ ಟೇಬಲ್‌ನಲ್ಲಿ ಕೋಟಿಗಟ್ಟಲೆ ರೋ ಇದೆ, ಬಿಲ್ ತಾರೀಖಿನ ಕಾಲಂ ಡೇಟ್ ಟೈಪು, ಅದರ ಮೇಲೆ ಇಂಡೆಕ್ಸೂ (ಬೇಗ ಹುಡುಕೋಕೆ ಇರೋ ಪಟ್ಟಿ) ಇದೆ. ಒಂದು ದಿನದ ಬಿಲ್ ತೆಗೆಯೋ ಕ್ವೆರಿ ಎಸ್‌ಕ್ಯೂಎಲ್ ಡೆವಲಪರ್ ಟೂಲ್‌ನಲ್ಲಿ ಹಾಕಿದ್ರೆ ತಕ್ಷಣ ಬರತ್ತೆ, ಅದೇ ಕ್ವೆರಿ ಸ್ಕ್ರೀನ್‌ನಿಂದ ಹೋದ್ರೆ ನಿಮಿಷಗಟ್ಟಲೆ ಕಾಯ್ಬೇಕು. ಸ್ಟ್ಯಾಟಿಸ್ಟಿಕ್ಸ್ ತಗೊಂಡಿದ್ದಾಯ್ತು, ಇಂಡೆಕ್ಸ್ ರೀಬಿಲ್ಡ್ ಮಾಡಿದ್ದೂ ಆಯ್ತು. ಎಕ್ಸ್‌ಪ್ಲೇನ್ ಪ್ಲಾನ್ (ಕ್ವೆರಿ ಹೇಗೆ ಓಡಬಹುದು ಅನ್ನೋ ಅಂದಾಜು) ಕೇಳಿದ್ರೆ ಇಂಡೆಕ್ಸ್ ರೇಂಜ್ ಸ್ಕ್ಯಾನ್, ಅಂದ್ರೆ ಇಂಡೆಕ್ಸ್ ಬಳಸ್ತಿದೆ ಅಂತಾನೇ ತೋರಿಸತ್ತೆ. ಡೇಟಾಬೇಸ್ ನೋಡ್ಕೊಳ್ಳೋ ಡಿಬಿಎ ಕೋಡ್ ನೋಡಿ ಅಂತಾರೆ, ನಾವು ಡೇಟಾಬೇಸ್ ನೋಡಿ ಅಂತೀವಿ. ಏನ್ ಮಾಡೋದು?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಆ ಎಕ್ಸ್‌ಪ್ಲೇನ್ ಪ್ಲಾನ್ ನಂಬೋದು ಬಿಡಿ. ಅದು ಬೈಂಡ್ ವೇರಿಯಬಲ್ (ಕ್ವೆರಿಗೆ ಹೊರಗಿನಿಂದ ತುಂಬೋ ಬೆಲೆ) ಯಾವುದೇ ಇರ್ಲಿ ವಾರ್‌ಚಾರ್, ಅಂದ್ರೆ ಅಕ್ಷರದ ಟೈಪು ಅಂತಾನೇ ತಿಳ್ಕೊಂಡು ಲೆಕ್ಕ ಹಾಕತ್ತೆ, ಹಾಗಾಗಿ ನಿಮಗೆ ಕಾಣೋ ಪ್ಲಾನ್ ಬೇರೆ, ನಿಜವಾಗಿ ಓಡೋದೇ ಬೇರೆ. ಸ್ಕ್ರೀನ್‌ನಿಂದ ಕ್ವೆರಿ ಓಡಿಸಿ, ಅದರ ಎಸ್‌ಕ್ಯೂಎಲ್ ಐಡಿ ಹಿಡ್ಕೊಂಡು ಡಿಬಿಎ ಹತ್ರ ಡಿಸ್‌ಪ್ಲೇ ಕರ್ಸರ್ (ನಿಜವಾಗಿ ಓಡಿದ ಪ್ಲಾನ್) ತೆಗೆಸಿ, ಕೆಳಗಡೆ ಪ್ರೆಡಿಕೇಟ್ (ಷರತ್ತುಗಳ) ಭಾಗ ಇರತ್ತಲ್ಲ ಅದನ್ನ ಓದಿ. ಬಹಳಷ್ಟು ಜನ ಮೇಲಿನ ಟೇಬಲ್ ನೋಡಿ ಬಿಟ್‌ಬಿಡ್ತಾರೆ, ಉತ್ತರ ಇರೋದು ಕೆಳಗೆ. ನಿಮ್ಮ ಲಕ್ಷಣ ನೋಡಿದ್ರೆ ಅಲ್ಲಿ ಬಿಲ್ ಡೇಟ್ ಕಾಲಂ ಸುತ್ತ ಇಂಟರ್ನಲ್ ಫಂಕ್ಷನ್ (ಒರಾಕಲ್ ತಾನೇ ಮಾಡೋ ಟೈಪ್ ಬದಲಾವಣೆ) ಅಂತ ಸುತ್ತಿರತ್ತೆ, ಪಕ್ಕದಲ್ಲಿ ಆಕ್ಸೆಸ್ (ನೇರ ಹುಡುಕಾಟ) ಬದಲು ಫಿಲ್ಟರ್ (ಓದಿದ ಮೇಲೆ ಸೋಸೋದು) ಅಂತ ಇರತ್ತೆ.

ಆಗ್ತಿರೋದು ಇಷ್ಟು. ಜಾವಾ ಕಡೆ ಯುಟಿಲ್ ಡೇಟ್ ಇರ್ಲಿ ಲೋಕಲ್‌ಡೇಟ್‌ಟೈಮ್ ಇರ್ಲಿ, ಹೈಬರ್ನೇಟ್ ಸಾಮಾನ್ಯವಾಗಿ ಅದನ್ನ ಟೈಮ್‌ಸ್ಟ್ಯಾಂಪ್ ಮಾಡಿ ಕಳಿಸತ್ತೆ. ಒರಾಕಲ್‌ನ ಡೇಟ್‌ನಲ್ಲಿ ಸೆಕೆಂಡ್‌ವರೆಗೆ ಮಾತ್ರ ಜಾಗ, ಟೈಮ್‌ಸ್ಟ್ಯಾಂಪ್‌ನಲ್ಲಿ ಸೆಕೆಂಡಿನ ಭಾಗವೂ 9 ಅಂಕಿವರೆಗೆ ಕೂರತ್ತೆ. ಎರಡನ್ನ ಹೋಲಿಸಬೇಕಾದಾಗ ಮಾಹಿತಿ ಕಳ್ಕೋಬಾರ್ದು ಅಂತ ಒರಾಕಲ್ ಚಿಕ್ಕದನ್ನ ದೊಡ್ಡದಕ್ಕೆ ಏರಿಸತ್ತೆ, ಅಂದ್ರೆ ನಿಮ್ಮ ಬೈಂಡ್ ಮುಟ್ಟಲ್ಲ, ಟೇಬಲ್‌ನ ಕಾಲಮ್ಮನ್ನೇ ಪ್ರತಿ ರೋನಲ್ಲೂ ಬದಲಾಯಿಸ್ತಾ ಹೋಗತ್ತೆ, ಇಂಡೆಕ್ಸ್‌ನಲ್ಲಿರೋದು ಬರೀ ಡೇಟ್ ಆದ್ದರಿಂದ ಆ ಇಂಡೆಕ್ಸ್ ಹಿಡಿದು ಒಳಗೆ ಇಳಿಯೋಕೆ ಆಗಲ್ಲ, ಪೂರ್ತಿ ಟೇಬಲ್ ಓದೋದೇ ಗತಿ. ಟೂಲ್‌ನಲ್ಲಿ ನೀವು ಟು ಡೇಟ್ (ಬರೆದ ತಾರೀಖನ್ನ ಡೇಟ್ ಟೈಪ್ ಮಾಡೋ ಫಂಕ್ಷನ್) ಅಂತ ಬರ್ದಿರ್ತೀರಿ, ಅಲ್ಲಿ ಎರಡೂ ಕಡೆ ಡೇಟೇ, ಅದಕ್ಕೇ ಫಾಸ್ಟು. ಅನುಮಾನ ಇದ್ರೆ ವಿ ಡಾಲರ್ ಎಸ್‌ಕ್ಯೂಎಲ್ ಬೈಂಡ್ ಕ್ಯಾಪ್ಚರ್ ಅನ್ನೋ ಒರಾಕಲ್‌ನ ವ್ಯೂ ನೋಡಿ, ಬೈಂಡ್ ಟೈಪ್ ಟೈಮ್‌ಸ್ಟ್ಯಾಂಪ್ ಅಂತ ಸಿಗತ್ತೆ.

ಸರಿ ಮಾಡೋ ಸುಲಭದ ದಾರಿ, ಕ್ವೆರಿಯಲ್ಲೇ ಬೈಂಡ್ ಸುತ್ತ ಕಾಸ್ಟ್ (ಟೈಪ್ ಬದಲಾಯಿಸೋ ಫಂಕ್ಷನ್) ಹಾಕಿ ಡೇಟ್ ಮಾಡ್ಬಿಡೋದು. ಗಮನ ಇರ್ಲಿ, ಬೈಂಡ್ ಸುತ್ತ, ಕಾಲಂ ಸುತ್ತ ಅಲ್ಲ. ಬರೀ ದಿನ ಸಾಕು ಅಂದ್ರೆ ಜೆಡಿಬಿಸಿಯ (ಜಾವಾ ಡೇಟಾಬೇಸ್ ಜೊತೆ ಮಾತಾಡೋ ದಾರಿ) ಸೆಟ್‌ಡೇಟ್ ಕೂಡ ನಡಿಯತ್ತೆ, ಗಂಟೆ ನಿಮಿಷ ಬೇಕಾದಲ್ಲಿ ಬೇಡ, ಅದು ಸಮಯ ಕತ್ತರಿಸತ್ತೆ. ಕಾಲಮ್ಮನ್ನೇ ಟೈಮ್‌ಸ್ಟ್ಯಾಂಪ್ ಮಾಡೋಣ ಅಂತ ಯಾರಾದ್ರೂ ಹೇಳ್ತಾರೆ, ಅದರಿಂದ ಈ ಕ್ವೆರಿ ಸರಿಹೋಗತ್ತೆ ನಿಜ, ಆದ್ರೆ ಎರಡು ಡೇಟ್ ಕಳೆದ್ರೆ ದಿನಗಳ ಸಂಖ್ಯೆ ಬರತ್ತೆ, ಎರಡು ಟೈಮ್‌ಸ್ಟ್ಯಾಂಪ್ ಕಳೆದ್ರೆ ಇಂಟರ್ವಲ್ ಬರತ್ತೆ, ಎಷ್ಟು ದಿನ ಬಾಕಿ ಅಂತ ಲೆಕ್ಕ ಹಾಕೋ ಹಳೇ ರಿಪೋರ್ಟೆಲ್ಲ ಒಡೀತಾವೆ, ಆದ್ದರಿಂದ ಆ ಕಡೆ ಹೋಗೋದು ಬೇಡ ಅನ್ನೋದು ನನ್ನ ಸಲಹೆ.

ಕೈ ಹಾಕಿದ್ಮೇಲೆ ಇನ್ನೊಂದು ನೋಡಿ, ಎಲ್ಲಾದ್ರೂ ಬಿಲ್ ಡೇಟ್ ಮೇಲೆ ಟ್ರಂಕ್ (ಸಮಯ ಕತ್ತರಿಸೋ ಫಂಕ್ಷನ್) ಹಾಕಿದ್ರೆ ತೆಗೀರಿ, ಅದೂ ಕಾಲಮ್ಮನ್ನ ಇದೇ ಥರ ಮುಚ್ಚತ್ತೆ. ಆ ದಿನದ ಸೊನ್ನೆ ಗಂಟೆಗೆ ಸಮ ಅಥವಾ ಜಾಸ್ತಿ, ಮರುದಿನದ ಸೊನ್ನೆ ಗಂಟೆಗಿಂತ ಕಮ್ಮಿ ಅಂತ ಬರೀರಿ. ಟೇಬಲ್ ತಾರೀಖಿನ ಪ್ರಕಾರ ಪಾರ್ಟಿಶನ್ (ತುಂಡು) ಆಗಿದ್ರೆ ಬೇಡದ ಪಾರ್ಟಿಶನ್ ಬಿಟ್ಟು ಓದೋ ಲಾಭವೂ ಆಗ ವಾಪಸ್ ಸಿಗತ್ತೆ. ಬದಲಾವಣೆ ಆದ್ಮೇಲೆ ಡಿಸ್‌ಪ್ಲೇ ಕರ್ಸರ್ ಮತ್ತೆ ತೆಗೆಸಿ, ಪ್ರೆಡಿಕೇಟ್‌ನಲ್ಲಿ ಇಂಟರ್ನಲ್ ಫಂಕ್ಷನ್ ಹೋಗಿ ಆಕ್ಸೆಸ್ ಅಂತ ಬಂದಿದ್ಯಾ ನೋಡ್ಕೊಂಡೇ ಪ್ರೊಡಕ್ಷನ್‌ಗೆ ಕಳಿಸಿ.