ಐದು ಕ್ಯಾಚ್ ನೋಡಿ ಜೆಫರ್ಸನ್‌ನನ್ನು ಕೈಬಿಟ್ಟವನ ಉತ್ತರ

ಎರಡು ವಾರ, ಐದು ಕ್ಯಾಚ್. ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್ ಆಟಗಾರರ ಸಾಧನೆಗೆ ಅಂಕ ಎಣಿಸುವ ಆಟ) ಬಗ್ಗೆ ನೀವು ಕೇಳಿದ ಪ್ರಶ್ನೆಯಲ್ಲಿ ಈ ಲೆಕ್ಕ ಕಂಡಾಗಲೇ ಹಳೆಯ ಸಂಕಟವೊಂದು ಹೊಟ್ಟೆಯಲ್ಲಿ ಎದ್ದು ಕುಳಿತಿತು. ಆರನೇ ಸುತ್ತಿನಲ್ಲಿ ಆರಿಸಿಕೊಂಡ ಹೊಸ ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವನು), 'ತುಂಬ ಪ್ರತಿಭಾವಂತ, ಆದರೆ ಅಂಕ ಬರುತ್ತಿಲ್ಲ', ಅವನನ್ನು ಬಿಟ್ಟು ಕಳೆದ ಭಾನುವಾರ ಎರಡು ಟಚ್‌ಡೌನ್ ಗಳಿಸಿದ ಅನುಭವಿಯನ್ನು ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನಾನು ತೆಗೆದುಕೊಂಡಿದ್ದೆ. 2020ರ ಸೆಪ್ಟೆಂಬರ್ 22, ಮಂಗಳವಾರ ರಾತ್ರಿ. ಬಿಟ್ಟ ಹುಡುಗನ ಹೆಸರು ಜಸ್ಟಿನ್ ಜೆಫರ್ಸನ್.

ನಾನಿರುವುದು ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿಯಲ್ಲಿ. ಅವನ ವೈಕಿಂಗ್ಸ್ ತಂಡ 2018ರವರೆಗೆ ಅಭ್ಯಾಸ ನಡೆಸುತ್ತಿದ್ದದ್ದು ಇದೇ ಊರಿನಲ್ಲಿ. ಅಂದರೆ ಜೆಫರ್ಸನ್ ನನಗೆ ಎಲ್ಲೋ ದೂರದ ತಂಡದವನಲ್ಲ, ಊರಿನ ತಂಡದ ಹುಡುಗ. ಅವನ ಬಗ್ಗೆ ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದವನು ನಾನು. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಮ್ಮದು ಕಚೇರಿಯವರ ಲೀಗ್, 12 ತಂಡ. ಕ್ರಿಕೆಟ್ ಫ್ಯಾಂಟಸಿ ಮಾತ್ರ ಗೊತ್ತಿರುವವರಿಗೆ ಒಂದು ಮಾತು: ಇಲ್ಲಿ ಪಂದ್ಯಕ್ಕೊಂದು ಹೊಸ ತಂಡ ಕಟ್ಟುವಂತಿಲ್ಲ. ಋತುವಿನ ಆರಂಭದಲ್ಲಿ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳಬೇಕು, ಒಬ್ಬ ಆಟಗಾರ ಲೀಗಿನಲ್ಲಿ ಒಬ್ಬರಿಗೆ ಮಾತ್ರ. ನೀವು ಬಿಟ್ಟವನು ಇನ್ನೊಬ್ಬರ ಪಾಲು. ಕ್ಯಾಚಿಗೆ ಒಂದು ಅಂಕ, ಮುನ್ನಡೆದ ಹತ್ತು ಯಾರ್ಡಿಗೆ ಒಂದು, ಚೆಂಡಿನೊಂದಿಗೆ ಕೊನೆಯ ಗೆರೆ ದಾಟುವ ಟಚ್‌ಡೌನಿಗೆ ಆರು. ಜೆಫರ್ಸನ್‌ನನ್ನು ನಾನು ಹತ್ತನೇ ಸುತ್ತಿನಲ್ಲಿ ಆರಿಸಿದ್ದೆ. ಮೊದಲ ವಾರ 2 ಕ್ಯಾಚ್, 26 ಯಾರ್ಡ್. ಎರಡನೇ ವಾರ 3 ಕ್ಯಾಚ್, 44 ಯಾರ್ಡ್. ಎರಡೂ ಸೇರಿ 12 ಅಂಕ.

ಆ ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದೆ. ಕೋವಿಡ್ ಕಾಲ, ನನ್ನ ಕಚೇರಿಯೂ ಅದೇ ಮೇಜು. ಮಾರ್ಚ್‌ನಲ್ಲಿ ಅರಸೀಕೆರೆಗೆ ಹೊರಡಬೇಕಿದ್ದ ಅಮ್ಮ ವಿಮಾನ ನಿಂತು ನಮ್ಮಲ್ಲೇ ಉಳಿದಿದ್ದರು. ಎದುರಿಗೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ಯಾಕೋ ಮುಖ ಗಂಟು ಹಾಕಿಕೊಂಡಿದ್ದೀಯ?"

"ಒಬ್ಬ ಹುಡುಗನನ್ನು ತಂಡದಿಂದ ತೆಗೆಯಬೇಕು ಅಮ್ಮಾ. ಎರಡು ವಾರವಾಯಿತು, ಏನೂ ಮಾಡಿಲ್ಲ."

"ಸೇರಿ ಎಷ್ಟು ದಿನವಾಯಿತು?"

"ಎರಡು ವಾರ."

ಅಮ್ಮ ನನ್ನನ್ನೊಮ್ಮೆ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ನಾನು ಮೊಬೈಲಿನಲ್ಲಿ ಅವನ ಹೆಸರಿನ ಪಕ್ಕದ ಕೆಂಪು ಗುರುತನ್ನು ಒತ್ತಿದೆ. 'ಖಚಿತವೇ?' ಎಂದು ಆ್ಯಪ್ ಕೇಳಿತು. ಅದಕ್ಕಿದ್ದ ವಿವೇಕವೂ ನನಗಿರಲಿಲ್ಲ.

ಗುರುವಾರ ಬೆಳಿಗ್ಗೆ ವೇವರ್ ಹಂಚಿಕೆಯಲ್ಲಿ (ಕೈಬಿಟ್ಟ ಆಟಗಾರರನ್ನು ಕೇಳಿದವರಿಗೆ ಕೊಡುವ ಸರದಿ) ಅವನು ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರ ತಂಡ ಸೇರಿದ. ಭಾನುವಾರ ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ ಟೆನೆಸಿ ಟೈಟನ್ಸ್ ಎದುರು 7 ಕ್ಯಾಚ್, 175 ಯಾರ್ಡ್, ಒಂದು ಟಚ್‌ಡೌನ್. ಆ ಟಚ್‌ಡೌನ್ ಒಂದೇ 71 ಯಾರ್ಡಿನದು. ಗೆರೆ ದಾಟಿದ ಮೇಲೆ ತೋಳು ಬೀಸುತ್ತಾ ಹಿಮ್ಮಡಿ ಕುಟ್ಟಿ 'ಗ್ರಿಡ್ಡಿ' ಕುಣಿದ. ಆ ಕುಣಿತ ಆಮೇಲೆ ದೇಶವೆಲ್ಲ ಹಬ್ಬಿತು. ನಾನು ಮಾತ್ರ ಅಂದು ಟಿ.ವಿ. ಆರಿಸಿ ಹೊರಗೆ ಹೋಗಿ ಕಸದ ಡಬ್ಬಿ ತೊಳೆದೆ. ಆ ಸಹೋದ್ಯೋಗಿಯೂ ಆ ವಾರ ಅವನನ್ನು ಬೆಂಚಿನಲ್ಲೇ ಕೂರಿಸಿದ್ದರು, 30.5 ಅಂಕ ಅವರಿಗೂ ದಕ್ಕಲಿಲ್ಲ. ನನಗಿದ್ದ ಸಮಾಧಾನ ಅದೊಂದೇ, ಅದೂ ಆರನೇ ವಾರದವರೆಗೆ. ಆರನೇ ವಾರ ನನ್ನ ಎದುರಾಳಿ ಅವರೇ. ಅಟ್ಲಾಂಟಾ ಎದುರು ಜೆಫರ್ಸನ್ 9 ಕ್ಯಾಚ್, 166 ಯಾರ್ಡ್, ಎರಡು ಟಚ್‌ಡೌನ್. ನಾನು ಸೋತೆ, ಒಂದೇ ಒಂದು ಗೆಲುವು ಕಡಿಮೆಯಾಗಿ ಪ್ಲೇಆಫ್ ತಪ್ಪಿತು. ಅವನ ಮೊದಲ ಋತು ಮುಗಿದದ್ದು 88 ಕ್ಯಾಚ್, 1,400 ಯಾರ್ಡಿನಲ್ಲಿ. ನಾನು ತೆಗೆದುಕೊಂಡ ಅನುಭವಿಯ ಹೆಸರು ಬೇಡ, ಪಾಪ, ಅವರದೇನೂ ತಪ್ಪಿಲ್ಲ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಎಲ್ಲರೂ ಇದನ್ನು 'ಆತುರ' ಎಂದು ಕರೆದು ಮುಗಿಸುತ್ತಾರೆ. ಆತುರ ಆಮೇಲಿನದು. ನಾನು ಓದಬೇಕಾದ ಕಾಲಂ ಬಿಟ್ಟು ಬೇರೆ ಕಾಲಂ ಓದಿದೆ. ಅಂಕದ ಕಾಲಂ ನೋಡಿದೆ. ಆ ಅಂಕ ಎಷ್ಟು ದೊಡ್ಡ ರೊಟ್ಟಿಯಿಂದ ಮುರಿದ ಚೂರು ಎಂದು ನೋಡಲಿಲ್ಲ.

ಎರಡನೇ ವಾರವನ್ನೇ ತೆಗೆದುಕೊಳ್ಳಿ. ಇಂಡಿಯಾನಾಪೊಲಿಸ್‌ನಲ್ಲಿ ವೈಕಿಂಗ್ಸ್ 28–11ರಿಂದ ಸೋತಿತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಇಡೀ ಪಂದ್ಯದಲ್ಲಿ ಎಸೆದು ಗಳಿಸಿದ್ದು 113 ಯಾರ್ಡ್. ಅದರಲ್ಲಿ 44 ಜೆಫರ್ಸನ್‌ದು. ಹತ್ತರಲ್ಲಿ ನಾಲ್ಕು ಪಾಲು! ಮನೆಯಲ್ಲಿ ಅಕ್ಕಿಯೇ ಇಲ್ಲದ ದಿನ ಹತ್ತಿರ ಹತ್ತಿರ ಅರ್ಧ ಊಟ ಅವನ ತಟ್ಟೆಗೆ ಬಿದ್ದಿತ್ತು, ನಾನು ತಟ್ಟೆ ಚಿಕ್ಕದು ಎಂದು ದೂರಿದೆ. ಅದಕ್ಕೂ ಹಿಂದಿನ ವಾರ ಗ್ರೀನ್ ಬೇ ಪ್ಯಾಕರ್ಸ್ ಎದುರು. ಅರವತ್ತು ನಿಮಿಷದ ಆಟದಲ್ಲಿ ಸುಮಾರು 41 ನಿಮಿಷ ಚೆಂಡು ಪ್ಯಾಕರ್ಸ್ ಬಳಿಯೇ ಇತ್ತು. ಚೆಂಡೇ ಇಲ್ಲದ ತಂಡದ ರಿಸೀವರ್ ಏನನ್ನು ಹಿಡಿಯಬೇಕು?

ಇಷ್ಟೇ ಅಲ್ಲ. ಆ ವರ್ಷ ಕೋವಿಡ್‌ನಿಂದಾಗಿ ಪೂರ್ವಋತುವಿನ ಪಂದ್ಯಗಳು ಒಂದೂ ನಡೆದಿರಲಿಲ್ಲ. ಹೊಸಬರಿಗೆ ಆ ಸೆಪ್ಟೆಂಬರ್ ತಿಂಗಳೇ ಅಭ್ಯಾಸ ಶಿಬಿರ. ಮೊದಲೆರಡು ಪಂದ್ಯ ಜೆಫರ್ಸನ್ ಆರಂಭಿಕ ತಂಡದಲ್ಲೂ ಇರಲಿಲ್ಲ. ಆದರೆ ತಂಡಕ್ಕೆ ಅವನು ಬೇಕೇ ಬೇಕಿತ್ತು. ತನ್ನ ರಿಸೀವರ್ ಸ್ಟೆಫಾನ್ ಡಿಗ್ಸ್‌ನನ್ನು ಬಫಲೊ ತಂಡಕ್ಕೆ ಕೊಟ್ಟು ಪಡೆದ, ಡ್ರಾಫ್ಟ್‌ನ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವುದು) 22ನೇ ಆಯ್ಕೆಯಲ್ಲೇ ಅವನನ್ನು ತಂದದ್ದು. ಡಿಗ್ಸ್ ಕುರ್ಚಿ ಖಾಲಿ ಇತ್ತು, ಅದರಲ್ಲಿ ಕೂರಲೆಂದೇ ಕರೆತಂದ ಹುಡುಗ ಬಾಗಿಲಲ್ಲಿ ನಿಂತಿದ್ದ. ಇದನ್ನೆಲ್ಲ ಯಾವ ರಹಸ್ಯ ಕಡತದಲ್ಲೂ ಬಚ್ಚಿಟ್ಟಿರಲಿಲ್ಲ, ನಾನು ದಿನವೂ ಓದುತ್ತಿದ್ದ ಪತ್ರಿಕೆಯಲ್ಲೇ ಇತ್ತು. ಓದಿದ್ದೆ. ಆದರೂ ಮಂಗಳವಾರ ರಾತ್ರಿ '12' ಎಂಬ ಸಂಖ್ಯೆಯ ಮುಂದೆ ಅದೆಲ್ಲ ಮರೆತುಹೋಯಿತು.

ನೀವು ಪ್ರಶ್ನೆಯಲ್ಲಿ 'ಪ್ರತಿಭಾವಂತ' ಎಂಬ ಪದವನ್ನು ಮೂರು ಬಾರಿ ಬರೆದಿದ್ದೀರಿ. ದಯವಿಟ್ಟು ಅದನ್ನು ಹೊಡೆದುಹಾಕಿ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದವರಲ್ಲಿ ಪ್ರತಿಭೆ ಇಲ್ಲದವರು ಯಾರು? 2020ರಲ್ಲಿ ಜೆಫರ್ಸನ್‌ಗಿಂತ ಒಂದು ಸ್ಥಾನ ಮೊದಲು, 21ನೆಯವನಾಗಿ ಫಿಲಡೆಲ್ಫಿಯಾ ಆರಿಸಿದ್ದು ಜೇಲನ್ ರೇಗರ್‌ನನ್ನು. ಅವನೂ ವೈಡ್ ರಿಸೀವರ್, ಮಿಂಚಿನ ಓಟದವನು. ಮೊದಲ ವರ್ಷ 31 ಕ್ಯಾಚ್, 396 ಯಾರ್ಡ್. ಇನ್ನೊಂದು ಕಡೆ ಪೂಕಾ ನಕುವಾ 2023ರಲ್ಲಿ ಐದನೇ ಸುತ್ತಿನ 177ನೇ ಆಯ್ಕೆ. ಅವನ ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಗೊಂಡು ಹೊರಗಿದ್ದ, ಜಾಗ ತೆರವಾಗಿತ್ತು. ಮೊದಲ ಎರಡು ವಾರಗಳಲ್ಲೇ 25 ಕ್ಯಾಚ್, ವರ್ಷದ ಕೊನೆಗೆ 1,486 ಯಾರ್ಡ್, ಹೊಸಬರಲ್ಲಿ ಅದುವರೆಗೆ ಯಾರೂ ಮುಟ್ಟದ ಗುರಿ. ನಮ್ಮ ಆಟದಲ್ಲಿ ಪ್ರತಿಭೆಗೆ ಅಂಕವಿಲ್ಲ, ಅವನತ್ತ ಬಂದ ಎಸೆತಕ್ಕೆ ಮಾತ್ರ ಇದೆ.

ಆದ್ದರಿಂದ ನಿಮ್ಮ ಹುಡುಗನ ಹೆಸರನ್ನು ನೀವು ಬರೆಯದೇ ಇದ್ದದ್ದು ಒಳ್ಳೆಯದೇ ಆಯಿತು. ನನಗೆ ಬೇಕಾದದ್ದು ಬೇರೆ. ತಂಡ ಎಸೆತದ ಆಟಕ್ಕೆ ಇಳಿದಾಗ ಅವನು ಮೈದಾನದಲ್ಲಿದ್ದಾನೆಯೇ? ಮೊದಲ ವಾರಕ್ಕಿಂತ ಎರಡನೇ ವಾರ ಹೆಚ್ಚು ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಆಡಿದನೇ? ಅವನಿಗಿಂತ ಮುಂದಿರುವವನು ಯಾರು, ಆ ಮನುಷ್ಯನ ವಯಸ್ಸೆಷ್ಟು, ಮೊಣಕಾಲು ಹೇಗಿದೆ? ಈ ಅಂಕಿ ಪಂದ್ಯದ ಮರುದಿನವೇ ಉಚಿತವಾಗಿ ಸಿಗುತ್ತದೆ. ಆ್ಯಪ್ ತೋರಿಸುವ 'ಮುಂದಿನ ವಾರದ ನಿರೀಕ್ಷಿತ ಅಂಕ' ಮಾತ್ರ ನೋಡಬೇಡಿ, ಅದು ಗಿಣಿಶಾಸ್ತ್ರ. ಸ್ನ್ಯಾಪ್ ಏರುತ್ತಿದ್ದರೆ ಇಟ್ಟುಕೊಳ್ಳಿ, ಆದರೆ ಆಡಿಸಬೇಡಿ, ಬೆಂಚಿನಲ್ಲಿರಲಿ. ಆರನೇ ವಾರಕ್ಕೂ ಅರ್ಧ ಹೊತ್ತು ಹೊರಗೇ ಕುಳಿತಿದ್ದರೆ ಬಿಟ್ಟುಬಿಡಿ, ಆಗ ನಾನೂ ಅಳುವುದಿಲ್ಲ.

ಇನ್ನು 'ಇವನೋ ಅನುಭವಿಯೋ' ಎಂಬ ನಿಮ್ಮ ಲೆಕ್ಕವೇ ತಪ್ಪು. ನೀವೇ ಬರೆದಿರುವಂತೆ ನಿಮ್ಮ ಬೆಂಚಿನಲ್ಲಿ ಎರಡನೇ ಕಿಕ್ಕರ್ (ಚೆಂಡನ್ನು ಒದ್ದು ಅಂಕ ಗಳಿಸುವವನು) ಇದ್ದಾನೆ. ಎರಡನೇ ಕಿಕ್ಕರ್! ಅವನನ್ನು ಯಾವ ಹಬ್ಬಕ್ಕೆ ಎತ್ತಿಟ್ಟಿದ್ದೀರಿ? ಅನುಭವಿ ಬೇಕೇ ಬೇಕೆಂದರೆ ಆ ಕಿಕ್ಕರ್‌ನನ್ನು ಕಳುಹಿಸಿ. ನನ್ನ ಬೆಂಚಿನಲ್ಲೂ ಆ ರಾತ್ರಿ ಎರಡನೇ ಕ್ವಾರ್ಟರ್‌ಬ್ಯಾಕ್ ಒಬ್ಬ ಕುಳಿತಿದ್ದ. ವರ್ಷವಿಡೀ ಅವನನ್ನು ಒಂದು ದಿನವೂ ಆಡಿಸಲಿಲ್ಲ. ತೆಗೆಯಬೇಕಾದವನು ಅವನು. ಆರು ಜನ ಬೆಂಚಿನಲ್ಲಿದ್ದರೂ ಕೈ ಮಾತ್ರ ನೇರ ಹೊಸ ಹುಡುಗನ ಮೇಲೇ ಹೋಗುತ್ತದೆ. ಹೊಸಬನನ್ನು ಬಿಟ್ಟರೆ ಯಾರೂ ನಗುವುದಿಲ್ಲ ಎಂಬ ಧೈರ್ಯ.

ಮರುವರ್ಷ ಎಚ್ಚರವಾಗಿದ್ದೆ, ಅತಿಯಾಗಿಯೇ. ಸಿನ್ಸಿನಾಟಿಯ ಹೊಸ ರಿಸೀವರ್ ಜಮಾರ್ ಚೇಸ್ ಆಗಸ್ಟ್‌ನಲ್ಲಿ ಚೆಂಡು ಕೈಬಿಡುತ್ತಲೇ ಇದ್ದ. ಕಾಲೇಜಿನ ಚೆಂಡಿನಲ್ಲಿ ಬಿಳಿ ಪಟ್ಟಿ ಇರುತ್ತದೆ, ವೃತ್ತಿಪರ ಆಟದ ಚೆಂಡಿನಲ್ಲಿ ಇಲ್ಲ, ನೋಡುವುದು ಕಷ್ಟ ಎಂದು ಅವನು ಹೇಳಿದ್ದು ಎಲ್ಲರಿಗೂ ನಗೆಪಾಟಲಾಯಿತು. ನಮ್ಮ ಲೀಗಿನವರು ಅವನನ್ನು ದಾಟಿ ದಾಟಿ ಹೋದರು, ನಾನು ಹಿಡಿದುಕೊಂಡೆ. ಮೊದಲ ಪಂದ್ಯ ನಮ್ಮ ವೈಕಿಂಗ್ಸ್ ಎದುರೇ: 5 ಕ್ಯಾಚ್, 101 ಯಾರ್ಡ್, ಒಂದು ಟಚ್‌ಡೌನ್. ಊರಿನ ತಂಡ ಸೋತಿತೆಂದು ಸುತ್ತಲಿನವರೆಲ್ಲ ಬೇಸರದಲ್ಲಿದ್ದಾಗ ನಾನು ಕೆಮ್ಮಿನ ನೆಪದಲ್ಲಿ ನಗು ಮುಚ್ಚಿಕೊಂಡೆ. ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ಲಯನ್ಸ್‌ನ ಹೊಸ ರಿಸೀವರ್ ಆಮನ್-ರಾ ಸೇಂಟ್ ಬ್ರೌನ್ ತನ್ನ ಮೊದಲ ಟಚ್‌ಡೌನ್ ಗಳಿಸಿ ತಂಡಕ್ಕೆ ಆ ವರ್ಷದ ಮೊದಲ ಗೆಲುವು ತಂದದ್ದೂ ವೈಕಿಂಗ್ಸ್ ಎದುರೇ, ಕೊನೆಯ ಕ್ಷಣದಲ್ಲಿ. ಅವನ 90 ಕ್ಯಾಚ್‌ಗಳಲ್ಲಿ 51 ಕೊನೆಯ ಆರು ಪಂದ್ಯಗಳಲ್ಲೇ ಬಂದವು. ನಿಮ್ಮ ಎರಡು ವಾರದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಗೆದ್ದೆನೇ ಎಂದು ಕೇಳುತ್ತೀರಿ. ಇಲ್ಲ. ಸೆಮಿಫೈನಲ್ ವಾರ ಚೇಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಬಾಲ್ಟಿಮೋರ್ ಎದುರು 525 ಯಾರ್ಡ್ ಎಸೆದ. ಚೇಸ್‌ಗೆ 125 ಯಾರ್ಡ್ ಬಂತು, ನಾನು ಕುಣಿದಾಡಿದೆ. ಅದೇ ತಂಡದ ಇನ್ನೊಬ್ಬ ರಿಸೀವರ್ ಟೀ ಹಿಗ್ಗಿನ್ಸ್‌ಗೆ 194 ಯಾರ್ಡ್, ಎರಡು ಟಚ್‌ಡೌನ್. ಅವನು ಎದುರಾಳಿಯ ಕಡೆಯವನು. ಮುಂದಿನ ಭಾನುವಾರ ಕ್ಯಾನ್ಸಸ್ ಸಿಟಿ ಎದುರು ಚೇಸ್ 266 ಯಾರ್ಡ್, ಮೂರು ಟಚ್‌ಡೌನ್ ಸಿಡಿಸಿದಾಗ ನಾನು ಆಡುತ್ತಿದ್ದದ್ದು ಮೂರನೇ ಸ್ಥಾನಕ್ಕೆ. 55.6 ಅಂಕಕ್ಕೆ ಬಂದ ಬಹುಮಾನ ಒಂದು ಕಾಫಿ ಲೋಟ. ಅದರ ಹಿಡಿ ಮುರಿದಿದೆ, ಈಗ ಪೆನ್ನು ಹಾಕಿಡುತ್ತೇನೆ.

ಲೆಕ್ಕಪತ್ರ ವಿಭಾಗದ ಆ ಸಹೋದ್ಯೋಗಿ ಈಗ ಬೇರೆ ಕಂಪನಿಯಲ್ಲಿದ್ದಾರೆ, ಲೀಗ್ ಮಾತ್ರ ಬಿಟ್ಟಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 22ರ ರಾತ್ರಿ ನನ್ನ ಮೊಬೈಲಿಗೆ ಅವರಿಂದ ಒಂದು ವಿಡಿಯೊ ಬರುತ್ತದೆ. ಹತ್ತು ಸೆಕೆಂಡಿನದು, ಮಾತಿಲ್ಲ, ಜೆಫರ್ಸನ್ ಗ್ರಿಡ್ಡಿ ಕುಣಿಯುತ್ತಿರುತ್ತಾನೆ. ಈ ವರ್ಷವೂ ಬಂತು.