ವೈನ್ ಹಾಕದೆ, ಫಾಂಡ್ಯೂ ಪಾತ್ರೆ ಇಲ್ಲದೆ ಮನೆಯಲ್ಲಿ ಫಾಂಡ್ಯೂ ಮಾಡಬಹುದಾ?

ಖಂಡಿತ ಮಾಡಬಹುದು. ಫಾಂಡ್ಯೂ ಅಂದರೆ ಕರಗಿಸಿದ ಬಿಸಿ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಸ್ವಿಸ್ ತಿನಿಸು. ನಮ್ಮ ಮನೆಗೆ ವೈನ್ ತರುವ ಹಾಗಿಲ್ಲ, ಅತ್ತೆಯವರೂ ಜೊತೆಗೆ ಕೂತು ತಿನ್ನಬೇಕು, ಹಾಗಾಗಿ ನಾನು ಮಾಡುವುದೇ ನಿಂಬೆರಸ ಹಾಕಿ. ಮನೆಯಲ್ಲಿ ಮಾಡಿದಾಗ ಕೆಲವರಿಗೆ ಚೀಸ್ ಎಲ್ಲ ರಬ್ಬರ್ ಉಂಡೆ ಥರ ಆಗಿ ಮೇಲೆ ಎಣ್ಣೆ ತೇಲುತ್ತದೆ, ಅದಕ್ಕೆ ಕಾರಣ ಸಾಮಾನ್ಯವಾಗಿ ಈ ಹುಳಿ ಇಲ್ಲದಿರುವುದು, ಜೊತೆಗೆ ಜೋರು ಉರಿ.

ಸ್ವಿಟ್ಜರ್‌ಲ್ಯಾಂಡಿನವರು ವೈನ್ ಹಾಕುವುದು ಬರೀ ರುಚಿಗೆ ಅಲ್ಲ. ಚೀಸಿನಲ್ಲಿರುವ ಪ್ರೋಟೀನನ್ನು ಕ್ಯಾಲ್ಸಿಯಂ ಬಿಗಿಯಾಗಿ ಕಟ್ಟಿಟ್ಟಿರುತ್ತದೆ. ವೈನಿನ ಹುಳಿ ಆ ಹಿಡಿತವನ್ನು ಸಡಿಲ ಮಾಡುತ್ತದೆ, ಆಗ ಚೀಸ್ ಗಂಟು ಕಟ್ಟದೆ ನುಣ್ಣಗೆ ಕರಗುತ್ತದೆ. ನಿಂಬೆಹಣ್ಣಿನ ಹುಳಿಗೂ ಇದು ಸಾಧ್ಯ. ಇನ್ನೊಂದು ಬೇಕೇ ಬೇಕಾದದ್ದು ಕಾರ್ನ್‌ಫ್ಲೋರ್, ಗೋಬಿ ಮಂಚೂರಿಗೆ ಹಾಕುತ್ತೇವಲ್ಲ ಅದೇ ಬಿಳಿ ಪುಡಿ. ಜಿಡ್ಡು ಬೇರೆಯಾಗದ ಹಾಗೆ ಅದು ತಡೆಯುತ್ತದೆ.

ಚೀಸ್ ಯಾವುದು ಅನ್ನುವುದು ಮುಖ್ಯ. ಅಲ್ಲಿ ಗ್ರುಯೇರ್ ಜೊತೆ ಎಮೆಂಟಾಲ್ ಅಥವಾ ವಾಷ್ರಾನ್ ಬಳಸುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಗ್ರುಯೇರ್ ಸಿಗುತ್ತದೆ, ಆದರೆ ಬೆಲೆ ಜಾಸ್ತಿ. ಅದಕ್ಕಿಂತ ದೊಡ್ಡ ವಿಷಯ, ಅಸಲಿ ಸ್ವಿಸ್ ಗ್ರುಯೇರ್‌ಗೆ ಹಾಲು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಇದನ್ನು ಮೊದಲೇ ಹೇಳಿಬಿಡಿ, ಮುಚ್ಚಿಟ್ಟು ಬಡಿಸಬೇಡಿ. ಇಲ್ಲೇ ತಯಾರಾಗುವ, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುವ ಗೌಡಾ ಚೀಸ್ ತನ್ನಿ. ನಾನು 300 ಗ್ರಾಂ ಗೌಡಾಗೆ 100 ಗ್ರಾಂ ಮಾಮೂಲಿ ಪ್ರೊಸೆಸ್ಡ್ ಚೀಸ್ ಸೇರಿಸುತ್ತೇನೆ. ಪ್ರೊಸೆಸ್ಡ್ ಚೀಸಿನಲ್ಲಿ ನೀರು, ಜಿಡ್ಡು ಎರಡನ್ನೂ ಒಟ್ಟಿಗೆ ಹಿಡಿದಿಡುವ ಲವಣಗಳು ಇರುತ್ತವೆ, ಉಳಿದ ಚೀಸನ್ನೂ ಅದೇ ಕಾಪಾಡುತ್ತದೆ. ಬರೀ ಮೊಝರೆಲ್ಲಾ ಹಾಕಿದರೆ ದಾರ ದಾರವಾಗಿ ಎಳೆಯುತ್ತದೆ. ಪನೀರ್ ಅಂತೂ ಎಷ್ಟು ಕಾಯಿಸಿದರೂ ಕರಗುವುದಿಲ್ಲ.

ಚೀಸನ್ನು ಮನೆಯಲ್ಲೇ ತುರಿದು, 2 ಟೀ ಚಮಚ ಕಾರ್ನ್‌ಫ್ಲೋರ್ ಉದುರಿಸಿ ಕೈಯಲ್ಲಿ ಕಲಸಿಡಿ. ದಪ್ಪ ತಳದ ಪಾತ್ರೆಯ ಒಳಗೆಲ್ಲ ಬೆಳ್ಳುಳ್ಳಿ ಎಸಳು ಉಜ್ಜಿ, ಆಲೂಗೆಡ್ಡೆ ಬೀನ್ಸ್ ಬೇಯಿಸಿದ ನೀರು 150 ಎಂಎಲ್, ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಬಿಸಿ ಮಾಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸಿದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ. ಆಮೇಲೆ ಚೀಸ್ ಒಂದೊಂದೇ ಹಿಡಿ. ಹಾಕಿದ್ದು ಪೂರ್ತಿ ಕರಗುವವರೆಗೆ ಇನ್ನೊಂದು ಹಿಡಿ ಹಾಕಬೇಡಿ, ಇಲ್ಲೇ ಎಲ್ಲರೂ ಅವಸರ ಮಾಡುವುದು. ಇಂಗ್ಲಿಷಿನ 8 ಬರೆದ ಹಾಗೆ ಸೌಟು ಆಡಿಸುತ್ತಿರಿ, ಸುಮ್ನೆ ಸುತ್ತ ತಿರುಗಿಸಿದರೆ ನಡುವಿನದ್ದು ತಳ ಹಿಡಿಯುತ್ತದೆ. ಸೌಟು ಎತ್ತಿದಾಗ ದೋಸೆ ಹಿಟ್ಟಿನ ಹಾಗೆ ಒಂದೇ ಧಾರೆಯಾಗಿ ಇಳಿಯಬೇಕು. ಕೊನೆಗೆ ಕಾಳುಮೆಣಸಿನ ಪುಡಿ, ಚೂರು ಜಾಯಿಕಾಯಿ. ಉಪ್ಪು ಬೇಡ, ಚೀಸಿನಲ್ಲೇ ಸಾಕಷ್ಟಿದೆ. ಯಾವ ಕಾರಣಕ್ಕೂ ಕುದಿಸಬೇಡಿ, ಎಣ್ಣೆ ಬಿಡುವುದು ಆಗಲೇ.

ಪಾತ್ರೆ ಕೊಳ್ಳುವುದು ಬೇಡ. ಮನೆಯಲ್ಲಿ ಅಜ್ಜಿ ಕಾಲದ, ಪಳಗಿದ ಬಳಪದ ಕಲ್ಲಿನ ಪಾತ್ರೆ ಇದ್ದರೆ ಅದೇ ಬೆಸ್ಟ್, ಒಲೆಯಿಂದ ಇಳಿಸಿದ ಮೇಲೂ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಇಲ್ಲದಿದ್ದರೆ ಅಗಲವಾದ ಪಾತ್ರೆಯಲ್ಲಿ ಬಿಸಿನೀರಿಟ್ಟು ಅದರೊಳಗೆ ಇದನ್ನು ಕೂರಿಸಿ.

ಅದ್ದಿ ತಿನ್ನಲು ಅಯ್ಯಂಗಾರ್ ಬೇಕರಿ ಬ್ರೆಡ್ ಸಾಕು. ಆದರೆ ಅದು ತುಂಬ ಮೆತ್ತಗೆ, ಫೋರ್ಕಿನಿಂದ ಜಾರಿ ಬೀಳುತ್ತದೆ. ಸ್ಲೈಸ್ ಮಾಡಿಸದೆ ಇಡೀ ಬ್ರೆಡ್ ತಂದು, ಮಾರನೇ ದಿನ ದಪ್ಪ ತುಂಡು ಮಾಡಿ, ಕಾವಲಿ ಮೇಲೆ ಬೆಚ್ಚಗೆ ಗರಿ ಮಾಡಿ. ಬೇಬಿ ಪೊಟ್ಯಾಟೊ, ಹೂಕೋಸು ಎರಡೂ ಚೆನ್ನಾಗಿರುತ್ತವೆ.

ಇಷ್ಟಾದರೂ ಒಡೆದುಹೋಯಿತು ಅಂತಿಟ್ಟುಕೊಳ್ಳಿ. ಚೆಲ್ಲಬೇಡಿ. ಒಂದು ಚಮಚ ನಿಂಬೆರಸದಲ್ಲಿ ಅರ್ಧ ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಿ, ಸಣ್ಣ ಉರಿಯಲ್ಲಿ ಜೋರಾಗಿ ಕಡೆಯಿರಿ, ಸಾಮಾನ್ಯವಾಗಿ ಮತ್ತೆ ಕೂಡಿಕೊಳ್ಳುತ್ತದೆ.