ಜ್ವರಕ್ಕೂ ಜಗ್ಗದ ಅಮೀಬಾ

ಪ್ರಶ್ನೆ: ಸರ್, ಶಬರಿಮಲೆಗೆ ಹೊರಟಾಗ ನಮ್ಮ ಗುರುಸ್ವಾಮಿಗಳು "ಮುಳುಗು ಹಾಕುವಾಗ ಮೂಗು ಮುಚ್ಕೊಳ್ಳಿ, ಮಿದುಳು ತಿನ್ನೋ ಅಮೀಬಾ ಇರತ್ತೆ" ಅಂದ್ರು. ಜ್ವರ ಬಂದ್ರೆ ರೋಗಾಣು ಸಾಯತ್ತೆ ಅಂತಾರಲ್ಲ, ಇದ್ಯಾಕೆ ಸಾಯಲ್ಲ? ಹೀಟ್ ಶಾಕ್ ಪ್ರೋಟೀನ್ ಅಂತಾರೆ, ಅದೇನು?
– ಓದುಗರೊಬ್ಬರು, ಹಾಸನ

ಉತ್ತರ: ಗುರುಸ್ವಾಮಿಗಳು ಹೇಳಿದ್ದು ಸರಿಯಾಗೇ ಇದೆ. ಕೇರಳದಲ್ಲಿ ಕೇಸ್ ಜಾಸ್ತಿ ಆದ್ಮೇಲೆ 2025ರ ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆನೂ ಯಾತ್ರಿಗಳಿಗೆ ಇದನ್ನೇ ಹೇಳಿತ್ತು. ಈ ಅಮೀಬಾ ಹೆಸರು ನೇಗ್ಲೇರಿಯಾ ಫೌಲೆರಿ, ಇರೋದು ಬೆಚ್ಚಗಿನ ಸಿಹಿನೀರಲ್ಲಿ, 46 ಡಿಗ್ರಿ ಸೆಲ್ಸಿಯಸ್ ತನಕ ಆರಾಮಾಗಿ ಬೆಳೆಯತ್ತೆ, ನಮಗೆ ಎಷ್ಟೇ ಜೋರು ಜ್ವರ ಬಂದ್ರೂ 40-41 ಅಷ್ಟೇ ತಾನೆ, ಅದು ಇದಕ್ಕೆ ಲೆಕ್ಕಕ್ಕೇ ಇಲ್ಲ.

ಮೊಟ್ಟೆ ಬೇಯಿಸಿದ್ರೆ ಲೋಳೆ ಬಿಳಿಯಾಗಿ ಗಟ್ಟಿಯಾಗತ್ತಲ್ಲ, ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಂಡಾಗ ಆಗೋದು ಅದೇ. ಜೀವಕೋಶದೊಳಗೆ ಹಂಗಾದ್ರೆ ಕಥೆ ಮುಗೀತು. ಹೀಟ್ ಶಾಕ್ ಪ್ರೋಟೀನ್‌ಗಳು, ಅದ್ರಲ್ಲೂ ಎಚ್‌ಎಸ್‌ಪಿ 70 ಅನ್ನೋದು, ಬಿಚ್ಚಿಕೊಂಡ ಜಾಗಕ್ಕೆ ಹೋಗಿ ಹಿಡ್ಕೊಂಡು, ಅಂಟದ ಹಾಗೆ ತಡೆದು, ಎಟಿಪಿ ಅನ್ನೋ ಜೀವಕೋಶದ ಇಂಧನ ಖರ್ಚು ಮಾಡಿ ಮತ್ತೆ ಮಡಚಿಕೊಳ್ಳೋಕೆ ಬಿಡತ್ತೆ. ಇದರ ಸುಳಿವು ಮೊದಲು ಸಿಕ್ಕಿದ್ದು ಅಮೀಬಾದಲ್ಲಲ್ಲ, ಹಣ್ಣಿನ ನೊಣದಲ್ಲಿ, 1962ರಲ್ಲಿ ಇಟಲಿಯ ರಿಟೋಸಾ ಅನ್ನೋ ವಿಜ್ಞಾನಿಗೆ.

ಈ ಪ್ರೋಟೀನ್ ಹೆಚ್ಚುಕಮ್ಮಿ ಎಲ್ಲಾ ಜೀವಿಗಳಲ್ಲೂ ಇರತ್ತೆ, ಹಾಗಾಗಿ ಇದೊಂದೇ ಕಾರಣಕ್ಕೆ ಅಮೀಬಾ ರಾಕ್ಷಸ ಆಯ್ತು ಅನ್ನೋಕಾಗಲ್ಲ, ಯೂಟ್ಯೂಬ್‌ನೋರು ಹೇಳ್ತಾರೆ ಬಿಡಿ. ಆದ್ರೆ ನೇಗ್ಲೇರಿಯಾದ ಎಚ್‌ಎಸ್‌ಪಿ 70ನ ಲ್ಯಾಬಲ್ಲಿ ಅದುಮಿಟ್ಟಾಗ ಅದರ ಬೆಳವಣಿಗೆನೂ ಕುಗ್ಗಿತು, ಬೇರೆ ಜೀವಕೋಶ ಕೊಲ್ಲೋ ತಾಕತ್ತೂ ಕುಗ್ಗಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕೋರ ಕಣ್ಣು ಹಾಳುಮಾಡೋ ಅಕಾಂತಮೀಬಾ ಅನ್ನೋ ಇನ್ನೊಂದು ಅಮೀಬಾದಲ್ಲೂ ರೋಗ ತರೋ ತಳಿಗಳು, ಬಿಸಿ ತಾಗೋಕೆ ಮುಂಚೇನೇ, ಈ ಪ್ರೋಟೀನ್ ಸ್ಟಾಕ್ ಜಾಸ್ತಿ ಇಟ್ಕೊಂಡಿರ್ತವೆ. ಹಾಗಿದ್ರೆ ಅದನ್ನೇ ನಿಲ್ಲಿಸೋ ಔಷಧಿ ಮಾಡಬಾರ್ದಾ ಅಂತ ಕೇಳ್ತೀರಿ. ತೊಂದ್ರೆ ಏನಂದ್ರೆ ನಮ್ಮ ಎಚ್‌ಎಸ್‌ಪಿ 70 ಕೂಡ ಹೆಚ್ಚುಕಮ್ಮಿ ಅದೇ ಥರ ಇದೆ, ಅದಕ್ಕೆ ಬಿದ್ದ ಏಟು ನಮಗೂ ಬೀಳತ್ತೆ. ಸದ್ಯಕ್ಕೆ ಡಾಕ್ಟ್ರು ಆಂಫೋಟೆರಿಸಿನ್ ಬಿ, ಮಿಲ್ಟೆಫೊಸಿನ್ ಮುಂತಾದ್ದು ಕೊಡ್ತಾರೆ, ಬದುಕಿದೋರು ಕಮ್ಮಿ, ಆದ್ರೂ 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಗುಣವಾದ.

ಇನ್ನೊಂದು, ಈ ನೀರು ಕುಡಿದ್ರೆ ಈ ಕಾಯಿಲೆ ಬರಲ್ಲ, ಮೂಗಿನಿಂದ ವಾಸನೆಯ ನರ ಹಿಡ್ಕೊಂಡು ಮಿದುಳಿಗೆ ಹೋದ್ರೇ ಬರೋದು. ಜಲನೇತಿ ಅಂತ ಮೂಗಲ್ಲಿ ನೀರು ಹಾಯಿಸೋರು ನೀರನ್ನ ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಬಳಸಿ, ಕುದಿಯೋ ನೀರಿನ ಮುಂದೆ ಯಾವ ಎಚ್‌ಎಸ್‌ಪಿ ಆಟನೂ ನಡೆಯಲ್ಲ. ಕೆರೆ, ಹೊಳೆಯಲ್ಲಿ ಮುಳುಗಿ ಬಂದ ಒಂದೆರಡು ವಾರದೊಳಗೆ ವಿಪರೀತ ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯೋದು ಶುರುವಾದ್ರೆ ಆಸ್ಪತ್ರೆಗೆ ಹೋಗಿ ಮೊದಲು ಆ ನೀರಿನ ವಿಷಯ ಹೇಳಿ.